ಎಡಗಡೆಯ ಜಾಗ

ಹೊಸಕೋಟೆ
6 ಜುಲೈ 2025

ಅಕ್ಕನವರಿಗೆ ಶಿಲ್ಪ ಮಾಡುವ ನಮಸ್ಕಾರಗಳು.

ಕಾಗದ ನೋಡಿ ಹುಬ್ಬು ಗಂಟಿಕ್ಕಬೇಡಿ. ನಿಮ್ಮ ಫೋನ್ ನಂಬರ್ ನನ್ನ ಹತ್ತಿರ ಇದೆ. ಆದರೆ ನನ್ನ ದನಿ ಕೇಳಿದ ತಕ್ಷಣ ಇಟ್ಟುಬಿಡುತ್ತೀರಿ ಎಂದು ಗೊತ್ತು. ಯಜಮಾನರು ನನ್ನನ್ನು ಎರಡನೆಯವಳಾಗಿ ಕಟ್ಟಿಕೊಂಡ ವರ್ಷವೇ ನೀವು ಘಾಟಿ ದೇವಸ್ಥಾನಕ್ಕೆ ಹೋಗಿ, ಸತ್ತರೂ ಆ ಸವತಿ ಜೊತೆ ಬಾಯಿಬಿಟ್ಟು ಮಾತಾಡುವುದಿಲ್ಲ ಎಂದು ಆಣೆ ಇಟ್ಟು ಬಂದಿರಂತೆ. ಅವರೇ ಹೇಳಿದ್ದರು. ಆಣೆ ಬಾಯಿಗೆ ತಾನೇ? ಕೈಗೂ ಕಣ್ಣಿಗೂ ಅಲ್ಲವಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗೌರಿ ಹಬ್ಬ ಕಳೆದರೆ ಅವರು ಹೋಗಿ ವರ್ಷ ತುಂಬುತ್ತದೆ. ಆವತಿಯ ಹೊಲದಲ್ಲಿ ಅವರು ಬದುಕಿದ್ದಾಗಲೇ ನನ್ನ ಹೆಸರಿಗೆ ಬರೆದಿಟ್ಟ ಮೂಡಲ ಅರ್ಧಕ್ಕೆ ಬೇಲಿ ಹಾಕಿಸಬೇಕೆಂದಿದ್ದೇನೆ. ಹೋದ ಸಲ ಬಂದಾಗ ಯಾರೋ ಟ್ರ್ಯಾಕ್ಟರಿನಲ್ಲಿ ಒಡೆದ ಇಟ್ಟಿಗೆ, ಟೈಲ್ಸು ತಂದು ಸುರಿದು ಹೋಗಿದ್ದರು. ಸರ್ವೆಯವರು ಬಂದು ಅಳೆದು ಕಲ್ಲು ನೆಟ್ಟು ಹೋಗಿದ್ದಾರೆ. ಆ ದಿನ ನೀವು ಊರಲ್ಲಿರಲಿಲ್ಲವಂತೆ.

ಇಲ್ಲಿ ಖಾಸಿಂ ಎಂಬುವವರು ಬೇಲಿ ಕೆಲಸ ಹಿಡಿಯುತ್ತಾರೆ. ಸಿಮೆಂಟ್ ಕಂಬಕ್ಕೆ ಜಾಲರಿ ಹಾಕಬಹುದು, ಇಲ್ಲವೇ ಕಲ್ಲುಕಂಬಕ್ಕೆ ಮುಳ್ಳುತಂತಿ ಎಳೆಯಬಹುದು ಎಂದರು. ನನಗೆ ಬ್ಲೌಸ್ ಬಟ್ಟೆಯ ಗುಣ ಗೊತ್ತು, ಮಣ್ಣಿನ ಗುಣ ಗೊತ್ತಿಲ್ಲ. ನೀವು ಹೇಳಿದರೆ ಕೇಳುತ್ತೇನೆ.

ಇತಿ,
ಶಿಲ್ಪ

•

ಆವತಿ
13 ಜುಲೈ 2025

ಹೊಸಕೋಟೆಯವಳಿಗೆ,

ಕಾಗದ ಬಂತು. ಪೋಸ್ಟ್‌ಮ್ಯಾನ್ ಬೀದಿಯಲ್ಲೇ ನಿಂತು "ಅಮ್ಮಯಮ್ಮಾರೇ, ಹೊಸ್ಕೋಟೆಯಿಂದ ಬಂದೈತೆ" ಎಂದು ಕೂಗಿದ. ಎಲ್ಲರ ಕಿವಿಯೂ ನೆಟ್ಟಗಾಯಿತು. ನಾನು ಏಳನೇ ಕ್ಲಾಸು ಓದಿದವಳು, ಓದಿ ಹೇಳಲು ಯಾರನ್ನೂ ಕರೆಯಲಿಲ್ಲ.

ಆಣೆ ಬಾಯಿಗೆ ಮಾತ್ರ ಎಂದು ಕಂಡುಹಿಡಿದಿದ್ದೀಯ. ಭಲೇ ಜಾಣೆ! ಅಷ್ಟು ಜಾಣತನ ಇಲ್ಲದಿದ್ದರೆ ಗಟ್ಟಿಮುಟ್ಟಾದ ಗಂಡಸನ್ನು ಹದಿನೆಂಟು ವರ್ಷ ಹೊಸಕೋಟೆಯ ಬಾಡಿಗೆ ಮನೆಯಲ್ಲಿ ಕೂರಿಸಿಕೊಳ್ಳಲು ಆಗುತ್ತಿತ್ತೇ?

ಬೇಲಿಯ ಮಾತು. ಸಿಮೆಂಟ್ ಕಂಬ ಬೇಡ. ಒಳಗಿನ ಕಬ್ಬಿಣಕ್ಕೆ ಮಳೆನೀರು ಇಳಿದು, ತುಕ್ಕು ಹಿಡಿದು, ಕಂಬ ಉದ್ದುದ್ದ ಸೀಳುತ್ತದೆ. ಜಾಲರಿ ಹಾಕಿದರೆ ಮಳೆಗಾಲದಲ್ಲಿ ಬಳ್ಳಿ ಹಬ್ಬಿ ಜೋತುಬೀಳುತ್ತದೆ. ಕಲ್ಲುಕಂಬ ಒಳ್ಳೆಯದೇ, ಆದರೆ ಮಳೆ ಹಿಡಿದಿರುವಾಗ ನೆಡಿಸುವವರಿಗೆ ಬುದ್ಧಿ ಇಲ್ಲ. ನಮ್ಮ ಕೆಂಪು ಮಣ್ಣು ನೆನೆದರೆ ಅಂಬಲಿ ಥರ ಆಗುತ್ತದೆ. ಕಂಬ ನಿಂತಂತೆ ಕಾಣುತ್ತದೆ, ತಂತಿ ಬಿಗಿದ ಮೇಲೆ ವಾಲುತ್ತದೆ.

ನನ್ನನ್ನು ಕೇಳಿದೆಯಲ್ಲ, ಹೇಳುತ್ತೇನೆ. ಕತ್ತಾಳೆ ನೆಡಿಸು, ನಡುನಡುವೆ ಗೋರಂಟಿ ಹಾಕು. ಮಳೆಗೆ ಚೆನ್ನಾಗಿ ಹತ್ತುತ್ತದೆ. ಎರಡು ಮೂರು ವರ್ಷದಲ್ಲಿ ಒಂದು ನಾಯಿಯೂ ನುಗ್ಗುವುದಿಲ್ಲ. ನಮ್ಮ ಯಜಮಾನರು ನನ್ನ ಹೊಲದಲ್ಲಿ ಬದುವಿನ ಪಕ್ಕದಲ್ಲೇ ಮಲಗಿದ್ದಾರೆ. ಅವರ ಮುಖಕ್ಕೆ ಮುಳ್ಳುತಂತಿ ಕಾಣುವುದು ಬೇಡ. ಕಲ್ಲುಕಂಬವೇ ಆಗಬೇಕೆಂದರೆ ದೀಪಾವಳಿ ಕಳೆಯಲಿ, ಮಣ್ಣು ಬಿಗಿಯಾಗಲಿ.

ಅಮ್ಮಯಮ್ಮ

•

ಹೊಸಕೋಟೆ
19 ಜುಲೈ 2025

ಅಕ್ಕನವರಿಗೆ,

ಎರಡು ಮೂರು ವರ್ಷ ಕತ್ತಾಳೆ ಬೆಳೆಯುವುದನ್ನು ನೋಡುತ್ತಾ ಕೂತಿರು ಎಂದಿರಲ್ಲ, ಬಹಳ ಸಂತೋಷ. ನಿಮ್ಮ ಹೊಲಕ್ಕೆ ಇಷ್ಟು ವರ್ಷ ಒಂದು ಮುಳ್ಳುಕಂಟಿಯೂ ಇಲ್ಲ. ನನ್ನ ಹೊಲಕ್ಕೆ ಕಲ್ಲುಕಂಬ ಸಾಲಾಗಿ ನಿಂತರೆ ದಾರಿಯಲ್ಲಿ ಹೋಗುವವರು "ಇದು ಯಾರ್ದು?" ಎಂದು ಕೇಳುತ್ತಾರೆ, ನನ್ನ ಹೆಸರು ಬರುತ್ತದೆ. ಅದನ್ನು ನಿಮಗೆ ತಡೆದುಕೊಳ್ಳಲಾಗುವುದಿಲ್ಲ. ಹೊಟ್ಟೆ ಉರಿ ಇದ್ದರೆ ನೇರವಾಗಿ ಹೇಳಬೇಕು, ಮಳೆಯ ಮೇಲೆ, ಮಣ್ಣಿನ ಮೇಲೆ ಹಾಕಬಾರದು.

ಕಲ್ಲುಕಂಬವನ್ನೇ ಗೊತ್ತು ಮಾಡಿದ್ದೇನೆ. ದೇವನಹಳ್ಳಿ ಕಡೆ ದ್ರಾಕ್ಷಿ ತೋಟ ಕಿತ್ತವರು ಮಾರಿದ ಹಳೇ ಕಂಬಗಳು. ವರ್ಷದ ಎಡೆಯ ಹೊತ್ತಿಗೆ ಕೆಲಸ ಮುಗಿಯಬೇಕೆಂದು ಖಾಸಿಂ ಅವರಿಗೆ ಹೇಳಿದ್ದೇನೆ.

ಇನ್ನೊಂದು ಮಾತು ಹೋದ ಕಾಗದದಲ್ಲಿ ಬರೆಯಲು ಧೈರ್ಯ ಬರಲಿಲ್ಲ. ನೀವೇ ಬಾಯಿ ಬಿಡಿಸಿದಿರಿ. ಯಜಮಾನರು ನಿಮ್ಮ ಹೊಲದಲ್ಲಿ ಮಲಗಿಲ್ಲ. ಸರ್ವೆ ಕಲ್ಲು ಸಮಾಧಿಯಿಂದ ಪಡುವಲಿಗೆ, ನಿಮ್ಮ ಕಡೆಗೆ, ಆಳುದ್ದಕ್ಕಿಂತ ಆಚೆ ಬಿದ್ದಿದೆ. ಸರ್ವೆಯವರು ನಕ್ಕುಬಿಟ್ಟರು. "ಏನ್ರಮ್ಮಾ, ನಿಮ್ಮ ಬದು ಕಾಲು ಬಂದು ನಡ್ಕೊಂಡ್ ಹೋಗೈತೆ" ಎಂದರು. ಹೊಲ ಉಳುವ ಸಿದ್ದರಾಜುವನ್ನು ಕೇಳಿದೆ. ಅವನು ಟವೆಲ್ ಕೊಡವಿಕೊಂಡು ಬದುವಿನ ಆಚೆಗೆ ನಡೆದುಬಿಟ್ಟ.

ಮಣ್ಣು ಮಾಡುವ ದಿನ ನನ್ನನ್ನು ನಿಮ್ಮ ಅಣ್ಣತಮ್ಮಂದಿರು ರಸ್ತೆಯಲ್ಲೇ ತಡೆದರು. ಒಂದು ಹಿಡಿ ಮಣ್ಣು ಹಾಕಲು ಬಿಡಲಿಲ್ಲ. ಆಟೋದಲ್ಲಿ ಕೂತು, ಮಳೆಯಲ್ಲಿ ನಿಮ್ಮ ಕೈ ಮೇಲೇಳುವುದನ್ನು, ಗುಂಡಿ ಎಲ್ಲಿ ತೋಡಬೇಕೆಂದು ತೋರಿಸುವುದನ್ನು ದೂರದಿಂದ ನೋಡಿದೆ. ನೀವು ತೋರಿಸಿದ್ದು ನನ್ನ ನೆಲ ಅಕ್ಕಾ.

ಶಿಲ್ಪ

•

ಆವತಿ
22 ಜುಲೈ 2025

ಏ ಹೊಸಕೋಟೆಯವಳೇ,

ಕಾಗದ ಓದಿದ ಕೂಡಲೇ ಕೆಸರಲ್ಲಿ ಹೋಗಿ ಕಲ್ಲು ನೋಡಿದೆ. ಇದೆ. ಕೀಳೋಣ ಎಂದು ಕೈ ಹಾಕಿದೆ, ಸರ್ಕಾರದ ಕಲ್ಲೆಂದು ಬಿಟ್ಟೆ.

ಹೌದು, ಬದು ಒತ್ತಿದೆ. ಏನೀಗ? ಪ್ರತಿ ಉಳುಮೆಯಲ್ಲೂ ಸಿದ್ದರಾಜುಗೆ "ಒಂದ್ ಸಾಲು ಆ ಕಡೀಕೆ ಒತ್ಕೊಂಡ್ ಹೊಡಿಯೋ" ಎಂದು ನಾನೇ ಹೇಳುತ್ತಿದ್ದೆ. ಮೊದಲು ಅವರು ವಾರದಲ್ಲಿ ನಾಲ್ಕು ದಿನ ನನ್ನ ಹತ್ತಿರ ಇರುತ್ತಿದ್ದರು. ಆಮೇಲೆ ಮೂರಾಯಿತು. ಆಮೇಲೆ ಭಾನುವಾರವೂ ಹೋಯಿತು, "ಅವ್ಳ ಅಂಗ್ಡಿಗೆ ರಜ ಕಣೆ" ಎಂದು ಹಲ್ಲು ಕಿರಿದರು. ನೀನು ನನ್ನ ವಾರದಲ್ಲಿ ದಿನ ಒತ್ತಿದೆ, ನಾನು ನಿನ್ನ ಹೊಲದಲ್ಲಿ ಸಾಲು ಒತ್ತಿದೆ. ಬದು ಮೊದಲು ಎಲ್ಲಿತ್ತೆಂದು ಕೊನೆಗೆ ನನಗೇ ಮರೆತುಹೋಯಿತು. ಅವರನ್ನು ಇಡುವ ದಿನ ಸುರಿಯುವ ಮಳೆಯಲ್ಲಿ ಬದು ನೋಡಿಕೊಂಡೇ "ಈಚೆ ನನ್ ಕಡೀಕೆ ತೋಡ್ರಪ್ಪಾ, ಎಡಗಡೆ ನಂಗೊಂದ್ ಜಾಗ ಬಿಡ್ರಿ" ಎಂದೆ. ಹೆಂಡತಿಯ ಜಾಗ ಎಡಗಡೆ ಎಂದು ಮೂರು ವರ್ಷದ ಮಕ್ಕಳಿಗೂ ಗೊತ್ತು. ಊರೆಲ್ಲ ಕೇಳಿಸಿಕೊಂಡಿದೆ.

ಬದುಕಿದ್ದಾಗ ನೀನು ಕಿತ್ತುಕೊಂಡೆ. ಸತ್ತ ಮೇಲಾದರೂ ನನ್ನವರಾದರು, ಇನ್ನು ಯಾವ ಬಸ್ಸೂ ಹತ್ತುವುದಿಲ್ಲ ಎಂದು ಒಂದು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದೆ. ಆ ನಿದ್ದೆಗೂ ಕಲ್ಲು ಹಾಕಿದೆಯಲ್ಲೇ! ಎಡಗಡೆಯ ಜಾಗ ನನ್ನದು. ಅದಕ್ಕೆ ಅಡ್ಡ ಒಂದು ಕಂಬ ನಿಂತರೂ ಹಾರೆ ಹಿಡಿದು ಬರುತ್ತೇನೆ.

ಅಮ್ಮಯಮ್ಮ

•

ಹೊಸಕೋಟೆ
8 ಆಗಸ್ಟ್ 2025

ಅಕ್ಕನವರಿಗೆ,

ಕೆಲಸ ಶುರುವಾಗಿದೆ. ನಮ್ಮಿಬ್ಬರ ನಡುವಿನ ಗೆರೆಯಲ್ಲಿ ಕಂಬ ನಿಂತಿವೆ. ಇನ್ನು ತಂತಿ ಬಿಗಿಯುವುದಿದೆ. "ಅಮ್ಮಾ, ಮಳೆ ನಿಂತ ಮ್ಯಾಲೆ ಮಾಡಾಣ, ಗುಂಡೀಲಿ ನೀರ್ ನಿಂತದೆ" ಎಂದು ಖಾಸಿಂ ಅವರೂ ಹೇಳಿದರು. ನಿಮ್ಮ ಮಾತನ್ನೇ ಅವರೂ ಆಡಿದರಲ್ಲ ಎಂದು ಸಿಟ್ಟು ಬಂತು. ಕೂಡದು, ಎಡೆಯೊಳಗೆ ಮುಗಿಸಿ ಎಂದೆ.

ಎಡಗಡೆ ನಿಮ್ಮದು ಎಂದು ಊರು ಕೇಳಿಸಿಕೊಂಡಿರಬಹುದು. ನನಗೆ ತಾಳಿ ಕಟ್ಟುವಾಗ ಅವರು ನನ್ನನ್ನೂ ಎಡಗಡೆಗೇ ನಿಲ್ಲಿಸಿಕೊಂಡರು. ನೋಡಲು ಊರು ಇರಲಿಲ್ಲ, ಅಷ್ಟೇ.

ನಾನೇನೋ ಸುಖವಾಗಿದ್ದೆ ಎಂದುಕೊಂಡಿದ್ದೀರಿ. ಏನು ಮಾಡಿ ಬಡಿಸಿದರೂ ಎರಡು ತುತ್ತಿಗೆ ಶುರು ಮಾಡುತ್ತಿದ್ದರು. "ಚೆನ್ನಾಗೈತೆ ಕಣೆ. ಆದ್ರೆ ಅವ್ಳು ಮಾಡೋ ಉಪ್ಸಾರಿನ ಖಾರ ಐತಲ್ಲ..." ಎಷ್ಟು ಸಲ ಸೌಟು ಎತ್ತಿ ಎಸೆಯಬೇಕೆನಿಸಿತೋ! ಜ್ವರ ಬಂದರೆ ಆವತಿ, ಹಬ್ಬ ಬಂದರೆ ಆವತಿ, ಮದುವೆ ಮನೆಗೆ ಜೋಡಿಯಾಗಿ ಹೋಗಲು ನೀವು. ನನಗೆ ಸಿಕ್ಕಿದ್ದು ಭಾನುವಾರ, ಅದನ್ನೂ ಕದ್ದದ್ದು ಎನ್ನುತ್ತೀರಿ.

ಈ ವರ್ಷ ಎಡೆ ನಾನು ಇಡುತ್ತೇನೆ. ನೀವು ನಿಮ್ಮ ಕಡೆಯಿಂದ ತಂತಿಯ ಸಂದಿಯಲ್ಲಿ ನೋಡಬಹುದು. ಎಡಗಡೆ ನಾನೇ ಮಲಗುತ್ತೇನೆ.

ಶಿಲ್ಪ

•

ಹೊಸಕೋಟೆ
18 ಆಗಸ್ಟ್ 2025

ಅಕ್ಕನವರಿಗೆ,

ನಿಮ್ಮಿಂದ ಉತ್ತರ ಬರಲಿಲ್ಲ. ಏಕೆಂದು ಇವತ್ತು ತಿಳಿಯಿತು. ಸಮಾಧಿಯ ಪಕ್ಕದ ಕಂಬಗಳೆಲ್ಲ ನೆಲಕ್ಕೆ ಬಿದ್ದಿವೆಯಂತೆ. ಉಳಿದ ಕಡೆ ವಾಲಿವೆಯಷ್ಟೆ. ಬಿದ್ದಿರುವುದು ಅಲ್ಲಿ ಮಾತ್ರ. ಮಳೆಗೆ ಸಮಾಧಿ ಎಲ್ಲಿದೆ ಎಂದು ಗೊತ್ತೇ?

ನೀವು ಹಾರೆ ಹೆಗಲ ಮೇಲಿಟ್ಟುಕೊಂಡು ಹೊಲಕ್ಕೆ ಹೋದದ್ದನ್ನು ನೋಡಿದವರಿದ್ದಾರೆ. ಖಾಸಿಂ ಅವರ ಫೋನ್ ಇಟ್ಟವಳೇ ಕತ್ತರಿ ಬಿಸಾಡಿ ಅಂಗಡಿ ಬಾಗಿಲು ಹಾಕಿದೆ. ನಿಮ್ಮೂರ ಹತ್ತಿರದ ವಿಜಯಪುರದ ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡುತ್ತೇನೆ. ಈ ವಯಸ್ಸಿನಲ್ಲಿ ಪೊಲೀಸರ ಮುಂದೆ ನಿಲ್ಲುವುದು ನಿಮಗೆ ಶೋಭೆಯೇ ಯೋಚಿಸಿ. ಒಂದು ವಾರ ಕಾಯುತ್ತೇನೆ.

ಶಿಲ್ಪ

•

ಆವತಿ
21 ಆಗಸ್ಟ್ 2025

ಹೊಸಕೋಟೆಯವಳಿಗೆ,

ಕೊಡು ಕಂಪ್ಲೇಂಟ್. ಪೊಲೀಸರು ಬಂದರೆ ಕಾಫಿ ಕೊಟ್ಟು ಇದನ್ನೇ ಹೇಳುತ್ತೇನೆ. ಕಂಬ ನಾನು ಬೀಳಿಸಲಿಲ್ಲ. ಬೀಳಿಸಬೇಕೆಂದೇ ಹಾರೆ ತೆಗೆದುಕೊಂಡು ಹೋಗಿದ್ದೆ. ನಾನು ಹೋಗುವಷ್ಟರಲ್ಲಿ ಮಳೆ ಬೀಳಿಸಿತ್ತು. ನನ್ನ ಕೈಯಿಂದ ಆಗಬೇಕಿದ್ದ ಕೆಲಸ ಮಳೆ ಮಾಡಿತಲ್ಲ ಎಂದು ಎಷ್ಟು ಸಂಕಟವಾಯಿತು ಗೊತ್ತಾ ನಿನಗೆ?

ಹೊಟ್ಟೆಕಿಚ್ಚು ಇದ್ದರೆ ನೇರವಾಗಿ ಹೇಳು ಎಂದಿದ್ದೆಯಲ್ಲ, ಕೇಳಿಸಿಕೋ. ಹೌದು ಕಣೇ, ಇದೆ. ನೀನು ಹೊಲಿದ ಅಂಗಿ ಹಾಕಿಕೊಂಡು ಬಸ್ಸಿಳಿದು ಬರುತ್ತಿದ್ದರಲ್ಲ, ಮೈಗೆ ಅಂಟಿದ ಹಾಗೆ ಅಳತೆ, ಆ ಅಂಗಿ ನೋಡಿದರೆ ನನ್ನ ಎದೆ ಉರಿಯುತ್ತಿತ್ತು. ಒಗೆಯುವ ಕಲ್ಲಿನ ಹತ್ತಿರ ಒಯ್ದು ಬಟನ್ ಒಂದೊಂದೇ ಕೀಳುತ್ತಿದ್ದೆ. "ಏನೇ, ಬಟನ್ನೇ ನಿಲ್ಲಲ್ಲ ಈ ಅಂಗೀಗೆ" ಎನ್ನುತ್ತಿದ್ದರು. "ಹೊಲ್ದೋಳ ಕೈಗುಣ" ಎನ್ನುತ್ತಿದ್ದೆ. ಮುಂದಿನ ವಾರ ಎಲ್ಲ ಬಟನ್ನೂ ಭದ್ರವಾಗಿ ಬಂದಿರುತ್ತಿತ್ತು. ಮತ್ತೆ ಕೀಳುತ್ತಿದ್ದೆ.

ಉಪ್ಸಾರಿನ ಮಾತು ಬರೆದಿದ್ದೀಯ. ನನ್ನ ಮುಂದೆ ಒಂದು ದಿನವೂ ಚೆನ್ನಾಗಿದೆ ಎಂದವರಲ್ಲ. "ಅವ್ಳು ಮೀನು ಹುರಿದ್ರೆ ಮುಳ್ಳೂ ಬಿಡಂಗಿಲ್ಲ" ಎಂದೇ ನನ್ನ ಸಾರು ಉಣ್ಣುತ್ತಿದ್ದರು. ಆ ಮುದುಕ ಇಬ್ಬರಿಗೂ ಇದೇ ಆಟ ಆಡಿದನಾ?

ಎಡೆ ನೀನಿಡು, ಬೇಡ ಎನ್ನುವುದಿಲ್ಲ. ನಾನೂ ಇಡುತ್ತೇನೆ. ನೋಡೋಣ, ಯಾರ ಎಲೆಗೆ ಕಾಗೆ ಮೊದಲು ಬಾಯಿ ಹಾಕುತ್ತದೆ ಎಂದು.

ಅಮ್ಮಯಮ್ಮ

•

ಹೊಸಕೋಟೆ
1 ಸೆಪ್ಟೆಂಬರ್ 2025

ಅಕ್ಕಾ,

ಶನಿವಾರ ಖಾಸಿಂ ಅವರ ಜೊತೆ ಹೊಲಕ್ಕೆ ಬಂದಿದ್ದೆ. ನೀವು ಹಾಲಿನ ಡೈರಿಗೆ ಹೋಗುವ ಹೊತ್ತು ನೋಡಿಕೊಂಡೇ ಬಂದೆ.

ಸಮಾಧಿಯ ಸುತ್ತ ಮಣ್ಣು ತುಂಬಿದ ಯೂರಿಯಾ ಚೀಲಗಳನ್ನು ಒತ್ತೊತ್ತಾಗಿ ಜೋಡಿಸಿದ್ದು ನೋಡಿದೆ. ಗುಡ್ಡೆಯ ಮೇಲೆ ಹೊಸ ಮಣ್ಣು, ಅದರ ಮೇಲೆ ತಗಡು. ಮೈಯೆಲ್ಲ ಉರಿದುಹೋಯಿತು. ನನ್ನ ನೆಲದೊಳಗೆ ನುಗ್ಗಿ ಜಾಗ ಹಿಡಿದಿದ್ದೀರಿ ಎಂದುಕೊಂಡು ಒಂದು ಚೀಲ ಎಳೆದು ಬಿಸಾಕಿದೆ. ಖಾಸಿಂ ಅವರು ಓಡಿ ಬಂದು ಕೈ ಹಿಡಿದರು. "ಅಯ್ಯೋ ಬ್ಯಾಡಮ್ಮಾ. ತಪ್ಪು ನಮ್ದು. ಮಳೇಲಿ ತೋಡಿದ್ ಗುಂಡೀಲಿ ನೀರ್ ತುಂಬಿ, ಅಲ್ಲಿಂದ ನೆಟ್ಟಗೆ ಸಮಾಧಿ ಒಳೀಕೆ ಇಳೀತಿತ್ತು. ಗುಡ್ಡೆ ಕುಸಿದೋಗಿತ್ತು. ಆ ದೊಡ್ಡಮ್ಮ ಒಬ್ರೇ ಕಾಲುವೆ ತೆಗ್ದು ನೀರ್ ತಿರುಗಿಸ್ತಿದ್ರು. ನಾವ್ ಬರೋ ಹೊತ್ಗೆ ಹಾರೆ ಹಿಡ್ಕಂಡೇ ಕುಕ್ಕರುಗಾಲಲ್ಲಿ ಕೂತ್ಬಿಟ್ಟಿದ್ರು. ಅವತ್ತು ಫೋನಲ್ಲಿ ಹೇಳಾಕೆ ಹೋದ್ರೆ ನೀವ್ ಪೂರಾ ಕೇಳ್ದೆ ಇಟ್ಬಿಟ್ರಿ" ಎಂದರು.

ಇದನ್ನು ನೀವು ಬರೆಯಲಿಲ್ಲ. ಬಟನ್ ಕಿತ್ತಿದ್ದು ಬರೆದಿರಿ, ಇದನ್ನು ಬರೆಯಲಿಲ್ಲ.

ಬೇಲಿಗೆ ಅವಸರ ಮಾಡಿದವಳು ನಾನು. ಮಳೆಗಾಲದಲ್ಲಿ ಬೇಡ ಎಂದವರು ನೀವು. ಎಳೆದ ಚೀಲವನ್ನು ವಾಪಸು ಇಟ್ಟು, ಅಲ್ಲೇ ಕೆಸರಲ್ಲಿ ಕೂತು ಅತ್ತೆ. ಆದರೂ ಸುಳ್ಳು ಹೇಳುವುದಿಲ್ಲ, ಹೊಟ್ಟೆಕಿಚ್ಚು ಹೋಗಲಿಲ್ಲ. ಅವರ ಮೇಲೆ ಮಣ್ಣು ಹಾಕುವ ಭಾಗ್ಯ ನಿಮಗೆ ಎರಡು ಸಲ ಬಂತು. ನನಗೆ ಒಂದು ಸಲವೂ ಬರಲಿಲ್ಲ.

ಇಷ್ಟು ವರ್ಷ ನುಂಗಿಕೊಂಡಿದ್ದ ಒಂದು ಮಾತನ್ನು ಬರೆದುಬಿಡುತ್ತೇನೆ. ನಿಮ್ಮನ್ನು ಬಂಜೆ ಎಂದು ಹೆಸರಿಟ್ಟು ನನ್ನನ್ನು ತಂದರು. ನನಗೂ ಆಗಲಿಲ್ಲ. ಆಮೇಲೆ ಊರಿನವರು ಸುಮ್ಮನಾದರು, ಅವರೂ ಸುಮ್ಮನಾದರು. ತೊಂದರೆ ಯಾರದಿತ್ತೆಂದು ನಮ್ಮಿಬ್ಬರಿಗೆ ಬಿಟ್ಟರೆ ಬೇರೆ ಯಾರಿಗೆ ಗೊತ್ತು? ಹೋಗಿ ನಿಮ್ಮ ಕಾಲು ಹಿಡಿದು ಹೇಳೋಣ ಎಂದು ಎಷ್ಟೋ ಸಲ ಅನಿಸಿತ್ತು. ಹೇಳಿದರೆ ನೀವು ಗೆದ್ದಂತಾಗುತ್ತದೆ ಎಂದು ಬರಲಿಲ್ಲ.

ಎಡೆಗೆ ಬರುತ್ತೇನೆ. ಮೂಡಲ ಕಡೆ ನಿಲ್ಲುತ್ತೇನೆ.

ನಿಮ್ಮ,
ಶಿಲ್ಪ

•

ಆವತಿ
12 ಸೆಪ್ಟೆಂಬರ್ 2025

ಶಿಲ್ಪಳಿಗೆ,

ಕಾಗೆ ನಿನ್ನ ಎಲೆಗೇ ಮೊದಲು ಬಂತು. ನೋಡಿದೆ. ನೀನು ಸೆರಗು ಅಡ್ಡ ಹಿಡಿದು ನಕ್ಕಿದ್ದನ್ನೂ ನೋಡಿದೆ. ಹುರಿದ ಮೀನಿಟ್ಟರೆ ಯಾವ ಕಾಗೆ ತಾನೇ ಬರುವುದಿಲ್ಲ? ಆಮೇಲೆ ನನ್ನ ಎಲೆಯ ಮುದ್ದೆಗೆ ಬಂದು ಎಷ್ಟು ಹೊತ್ತು ಕುಕ್ಕುತ್ತಾ ಕೂತಿತ್ತು, ಅದನ್ನೂ ಲೆಕ್ಕಕ್ಕೆ ಹಿಡಿ.

ನೀನು ಬಂದ ದಿನ ನಿನ್ನನ್ನು ಪೂರ್ತಿಯಾಗಿ ನೋಡಿದೆ. ಕೂದಲು ನರೆತಿದೆ. ಅವರು ಹೇಳುತ್ತಿದ್ದಷ್ಟು ಬೆಳ್ಳಗೂ ಇಲ್ಲ. ಒಂಚೂರು ಸಮಾಧಾನವಾಯಿತು.

ಮಕ್ಕಳ ವಿಷಯ ಬರೆದಿದ್ದೆ. ಆ ಕಾಗದ ಓದಿ ಎರಡು ದಿನ ಒಲೆ ಹಚ್ಚಲಿಲ್ಲ. ನನಗೂ ಗೊತ್ತಿತ್ತು. ನಿನಗೂ ಆಗಲಿಲ್ಲ ಎಂದು ಕೇಳಿದ ದಿನ ಘಾಟಿ ದಿಕ್ಕಿಗೆ ಕೈ ಮುಗಿದೆ. ನಾನೆಂಥವಳು ನೋಡು. ಅದರ ಮಾತು ಇಲ್ಲಿಗೆ ಬಿಡೋಣ.

ಈಗ ಕೇಳಬೇಕಾದ್ದನ್ನು ಕೇಳುತ್ತೇನೆ. ಹಾರೆ ಹಿಡಿದ ದಿನದಿಂದ ಏದುಸಿರು. ದೇವನಹಳ್ಳಿ ಡಾಕ್ಟರು ಎದೆಗೆ ವೈರು ಅಂಟಿಸಿ ಪಟ್ಟಿ ತೆಗೆದು, "ಭಾರ ಎತ್ಬೇಡಿ ಅಜ್ಜಿ" ಎಂದರು. ನಿನಗಿಂತ ಹದಿನೈದು ವರ್ಷ ದೊಡ್ಡವಳು, ಮೊದಲು ಹೋಗುವವಳು ನಾನೇ. ನನ್ನ ಅಣ್ಣತಮ್ಮಂದಿರ ಮಕ್ಕಳು ಪ್ಲಾಟು ಮಾಡಿ ಮಾರಲು ನನ್ನ ಹೊಲದ ಮೇಲೆ ಕಣ್ಣು ಹಾಕಿ ಕೂತಿದ್ದಾರೆ, ನನ್ನನ್ನು ಎಲ್ಲಾದರೂ ಒಂದು ಮೂಲೆಗೆ ಹಾಕಿ ಮುಗಿಸುತ್ತಾರೆ. ಅವತ್ತು ಹೊಲದಲ್ಲಿ ನಿಂತು, ಗುಂಡಿ ಇಲ್ಲಿ ತೋಡಿ ಎಂದು ಕೈ ತೋರಿಸಲು ನೀನೊಬ್ಬಳೇ ಇರುವುದು. ನೆಲವೂ ನಿನ್ನದು. ಈ ಮಾತು ನನಗೆ ಮೊದಲೇ ಹೊಳೆದಿದ್ದರೆ ಇಷ್ಟು ವರ್ಷ ನಿನ್ನ ಹತ್ತಿರ ಇಷ್ಟು ಜಗಳ ಇಟ್ಟುಕೊಳ್ಳುತ್ತಿರಲಿಲ್ಲ.

ನಿನಗೂ ಎಡಗಡೆಯೇ ಬೇಕು ಎಂದು ಗೊತ್ತು. ಬೇಡುವ ಅಭ್ಯಾಸ ನನಗಿಲ್ಲ, ಅದಕ್ಕೇ ಕೇಳುತ್ತಿದ್ದೇನೆ ಅಷ್ಟೆ. ನನ್ನನ್ನು ಎಲ್ಲಿ ಇಡಿಸುತ್ತೀಯ? ನಿಜ ಬರೆ.

ಅಮ್ಮಯಮ್ಮ

•

ಹೊಸಕೋಟೆ
16 ಸೆಪ್ಟೆಂಬರ್ 2025

ಅಕ್ಕಾ,

ಎಡಗಡೆ ಇಡಿಸುತ್ತೇನೆ.

ಬಿದ್ದ ಕಂಬಗಳನ್ನು ದೀಪಾವಳಿ ಆದಮೇಲೆ ಒಣ ಮಣ್ಣಲ್ಲಿ ನಿಲ್ಲಿಸಲು ಹೇಳಿದ್ದೇನೆ. ನಮ್ಮಿಬ್ಬರ ಗೆರೆಯಲ್ಲಿ ಸಮಾಧಿಯ ಎದುರಿಗೆ ಒಂದು ದಾರಿ ಬಿಡಿ ಎಂದೆ. "ಎಷ್ಟ್ ಅಗ್ಲ ಬೇಕಮ್ಮಾ? ಟ್ರ್ಯಾಕ್ಟರ್ ಹೋಗ್ಬೇಕಾ, ಬರೀ ಮನ್ಸ ಹೋದ್ರೆ ಸಾಕಾ?" ಎಂದು ಖಾಸಿಂ ಅವರು ಕೇಳಿದರು. ನಾಲ್ಕು ಜನ ಹೊತ್ತುಕೊಂಡು ಬರುವಷ್ಟು ಎಂದೆ.

ನಾನು ಬಲಗಡೆಗೆ ಒಪ್ಪಿಕೊಂಡಿದ್ದೇನೆ. ಮನಸ್ಸು ಒಪ್ಪಿಲ್ಲ, ಒಪ್ಪಿಸಿದ್ದೇನೆ.

ಆದರೆ ಅಕ್ಕಾ, ಅವಸರ ಮಾಡಬೇಡಿ. ಡಾಕ್ಟರು ಕೊಟ್ಟ ಮಾತ್ರೆ ತಪ್ಪಿಸದೆ ನುಂಗಿ, ಹಾರೆ ಮುಟ್ಟಬೇಡಿ, ಮಳೆಯಲ್ಲಿ ನೆನೆಯಬೇಡಿ. ನೀವು ಹೋಗಿ ಅವರ ಪಕ್ಕ ಮಲಗಿದ ದಿನದಿಂದ ನಾನು ಬರುವವರೆಗೂ ಅವರು ನಿಮಗೊಬ್ಬರಿಗೇ ಆಗುತ್ತಾರೆ, ವಾರದ ಏಳು ದಿನವೂ. ಅದನ್ನು ನೋಡಿಕೊಂಡು ಹೊಸಕೋಟೆಯಲ್ಲಿ ಒಬ್ಬಳೇ ಕೂತಿರಲು ನನ್ನ ಕೈಲಿ ಆಗುವುದಿಲ್ಲ.

ಶಿಲ್ಪ